ನುಗ್ಗೆಬೀಜ, ಕರಟ, ಕಬ್ಬಿನ ಸಿಪ್ಪೆ: ಬಾವಿ ನೀರಿನ ಶುದ್ಧಿ

ಮಂಡ್ಯ ಜಿಲ್ಲೆಯ ಅಂತರ್ಜಲವನ್ನು ಕಾಡುವ ದೋಷಗಳು ಮುಖ್ಯವಾಗಿ ಎರಡು. ಕೃಷ್ಣರಾಜಸಾಗರದ ನಾಲೆನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಭತ್ತಕ್ಕೂ ಕಬ್ಬಿಗೂ ಹಾಕಿದ ಯೂರಿಯಾದ ಒಂದು ಪಾಲು ನೈಟ್ರೇಟ್ ಆಗಿ ನೆಲಕ್ಕಿಳಿಯುತ್ತದೆ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಗಟ್ಟಿಬಂಡೆಯ ನೆಲದಲ್ಲಿ ಕೊಳವೆಬಾವಿ ಆಳಕ್ಕಿಳಿದಷ್ಟೂ ಖನಿಜಗಳಿಂದ ಕರಗಿದ ಫ್ಲೋರೈಡ್‌ನ ಭಯ ಹೆಚ್ಚು. ಭಾರತೀಯ ಮಾನಕದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ವಿನಾಯಿತಿ.

ನುಗ್ಗೆಬೀಜದ ಪುಡಿಯನ್ನು ಕದಡಿದ ನೀರಿಗೆ ಬೆರೆಸಿದರೆ ಅದರ ಧನಾವೇಶದ ಪ್ರೋಟೀನು ಋಣಾವೇಶದ ಜೇಡಿಕಣಗಳನ್ನು ಹಿಡಿದು ಗಂಟು ಕಟ್ಟಿಸುತ್ತದೆ. ಗಂಟು ತಳ ಸೇರುತ್ತದೆ. ನೀರನ್ನು ತಿಳಿಗೊಳಿಸಲು ಚಿಲ್ಲದ ಬೀಜದ ಬಳಕೆಯೂ ಹಳೆಯದೇ. ಆದರೆ ಕೊಳವೆಬಾವಿಯ ನೀರು ನೋಡಲು ತಿಳಿಯಾಗಿಯೇ ಇರುತ್ತದೆ, ದೋಷವೆಲ್ಲ ಕರಗಿದ ಲವಣದಲ್ಲಿ. ಅಲ್ಲಿ ಈ ಬೀಜಗಳನ್ನಷ್ಟೇ ನಂಬುವುದು ಅಪಾಯ.

ನೈಟ್ರೇಟಿಗೆ ಮರದ ಚಕ್ಕೆ ತುಂಬಿದ ಗುಂಡಿ ಒಂದು ಮದ್ದು. ಆಮ್ಲಜನಕವಿಲ್ಲದ ಆ ಗುಂಡಿಯಲ್ಲಿ ಬ್ಯಾಕ್ಟೀರಿಯಾಗಳು ಚಕ್ಕೆಯ ಇಂಗಾಲವನ್ನು ಉಂಡು ನೈಟ್ರೇಟನ್ನು ಸಾರಜನಕ ಅನಿಲವಾಗಿಸುತ್ತವೆ. ಅಮೆರಿಕದ ಅಯೋವಾದ ಮುಸುಕಿನ ಜೋಳದ ಹೊಲಗಳಂಚಿನಲ್ಲಿ ಇದು ಬಳಕೆಯಲ್ಲಿದೆ. ಮಂಡ್ಯದಲ್ಲಿ ಮರದ ಚಕ್ಕೆಯ ಜಾಗಕ್ಕೆ ಕಬ್ಬಿನ ಸಿಪ್ಪೆ, ತೆಂಗಿನ ನಾರನ್ನು ಯೋಚಿಸಬಹುದು.

ಕರಟದ ಇದ್ದಿಲನ್ನು ಹಬೆಯಲ್ಲಿ ಕಾಯಿಸಿದರೆ ಸೂಕ್ಷ್ಮ ರಂಧ್ರಗಳು ತೆರೆದು ಕೀಟನಾಶಕವನ್ನೂ ವಾಸನೆಯನ್ನೂ ಹಿಡಿದಿಡುತ್ತವೆ. ಫ್ಲೋರೈಡ್ ಮಾತ್ರ ಸುಲಭಕ್ಕೆ ಬಗ್ಗದು. ಅದಕ್ಕೆ ಮೂಳೆಯ ಇದ್ದಿಲು ಮೇಲು, ಮನೆಮಂದಿ ಒಪ್ಪಿದರೆ. ಯಾವುದೇ ಇದ್ದಿಲಾದರೂ ತುಂಬಿದ ಮೇಲೆ ಬದಲಿಸಬೇಕು. ತೆಗೆದದ್ದನ್ನು ಬಾವಿಯ ಬಳಿ ಸುರಿಯಬಾರದು.