ಮಧುಮೇಹಿ ಬೆಕ್ಕು ಊಟ ಬಿಟ್ಟಾಗ

ಮಧುಮೇಹವಿರುವ ಬೆಕ್ಕನ್ನು ಸಾಕುವ ಮನೆಯ ದಿನಚರಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಒಂದು ಹದಕ್ಕೆ ಬರುತ್ತದೆ. ಬೆಳಗ್ಗೆ ಮತ್ತು ರಾತ್ರಿ ಸುಮಾರು ಹನ್ನೆರಡು ಗಂಟೆಗಳ ಅಂತರದಲ್ಲಿ ಊಟ, ಊಟದೊಂದಿಗೆ ಚರ್ಮದಡಿಗೆ ಇನ್ಸುಲಿನ್ ಚುಚ್ಚುಮದ್ದು, ಆಗಾಗ ರಕ್ತದ ಸಕ್ಕರೆಯ ತಪಾಸಣೆ ಎಂಬ ಈ ಕ್ರಮಕ್ಕೆ ಬೆಕ್ಕೂ ಒಗ್ಗುತ್ತದೆ, ಮನೆಯವರೂ ಒಗ್ಗುತ್ತಾರೆ. ಆದರೆ ಈ ಕಾಯಿಲೆ ಕಾಣಿಸಿಕೊಳ್ಳುವುದು ಬಹುಪಾಲು ಏಳೆಂಟು ವರ್ಷ ದಾಟಿದ ಬೆಕ್ಕುಗಳಲ್ಲಿ; ಹಲ್ಲು ಮತ್ತು ಒಸಡಿನ ರೋಗ, ಮೂತ್ರಪಿಂಡದ ದೌರ್ಬಲ್ಯ, ಥೈರಾಯ್ಡ್ ಗ್ರಂಥಿಯ ಏರುಪೇರು ಮೊದಲಾದವು ಬರುವ ವಯಸ್ಸೂ ಅದೇ ಆಗಿರುವುದರಿಂದ, ಮಧುಮೇಹದ ಜೊತೆಗೆ ಇನ್ನೊಂದು ತೊಂದರೆ ಸೇರಿಕೊಳ್ಳುವುದು ಅಪರೂಪವೇನಲ್ಲ. ಹಾಗೆ ಸೇರಿಕೊಂಡ ತೊಂದರೆ ಯಾವುದೇ ಇರಲಿ, ಅದರ ಮೊದಲ ಸುಳಿವು ಅನೇಕ ಸಲ ಊಟದ ತಟ್ಟೆಯಲ್ಲೇ ಸಿಗುತ್ತದೆ. ಆರೋಗ್ಯವಂತ ಬೆಕ್ಕು ಒಂದು ಹೊತ್ತು ಉಣ್ಣದಿದ್ದರೆ ಕಾದು ನೋಡಬಹುದು. ಇನ್ಸುಲಿನ್ ಪಡೆಯುವ ಬೆಕ್ಕು ಉಣ್ಣದಿದ್ದರೆ ಅಂದೇ, ಆ ಹೊತ್ತಿನಲ್ಲೇ ಒಂದು ತೀರ್ಮಾನ ಕೈಗೊಳ್ಳಬೇಕಾಗುತ್ತದೆ. ಆ ತೀರ್ಮಾನಕ್ಕೆ ಬೇಕಾದ ತಿಳಿವಳಿಕೆಯನ್ನು ಮೊದಲೇ ಗಳಿಸಿಕೊಂಡಿರುವುದೇ ಅನಿರೀಕ್ಷಿತ ಕಾಯಿಲೆಯನ್ನು ಎದುರಿಸುವ ಮುಖ್ಯ ಸಿದ್ಧತೆ.

ಬೆಕ್ಕಿನ ಮಧುಮೇಹದ ಸ್ವರೂಪ

ಬೆಕ್ಕಿನ ಮಧುಮೇಹ ಹೆಚ್ಚಾಗಿ ಮನುಷ್ಯರ ಎರಡನೇ ಬಗೆಯ ಮಧುಮೇಹವನ್ನು ಹೋಲುತ್ತದೆ. ದೇಹದ ಜೀವಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಹೆಚ್ಚು ಹೆಚ್ಚು ದುಡಿದು ಕೊನೆಗೆ ಸೋಲುತ್ತವೆ. ಈ ಕೋಶಗಳು ಇನ್ಸುಲಿನ್ ಜೊತೆಗೇ ಸ್ರವಿಸುವ ಅಮೈಲಿನ್ ಎಂಬ ಹಾರ್ಮೋನು ಅಮೈಲಾಯ್ಡ್ ಎಂಬ ಗಟ್ಟಿ ಪದಾರ್ಥವಾಗಿ ಗ್ರಂಥಿಯಲ್ಲಿ ಶೇಖರವಾಗುವುದು ಮನುಷ್ಯರಲ್ಲಿಯೂ ಬೆಕ್ಕುಗಳಲ್ಲಿಯೂ ಕಂಡುಬರುವ ಸಮಾನ ಲಕ್ಷಣ. ಬೊಜ್ಜು, ಓಡಾಟವಿಲ್ಲದ ಮನೆಯೊಳಗಿನ ಬದುಕು, ಗಂಡಾಗಿರುವುದು, ಸ್ಟಿರಾಯ್ಡ್ ಔಷಧಗಳ ಬಳಕೆ ಇವು ಅಪಾಯವನ್ನು ಹೆಚ್ಚಿಸುತ್ತವೆ.

ಬೆಕ್ಕು ಮಾಂಸವನ್ನೇ ನೆಚ್ಚಿ ವಿಕಾಸಗೊಂಡ ಪ್ರಾಣಿ. ಊಟದ ನಂತರ ಒಮ್ಮೆಲೇ ಏರುವ ಸಕ್ಕರೆಯನ್ನು ಹಿಡಿದಿಡಲು ನೆರವಾಗುವ ಗ್ಲೂಕೋಕೈನೇಸ್ ಎಂಬ ಕಿಣ್ವದ ಚಟುವಟಿಕೆ ಅದರ ಯಕೃತ್ತಿನಲ್ಲಿ ತೀರ ಕಡಿಮೆ. ಆದ್ದರಿಂದ ಕರ್ನಾಟಕದ ಅನೇಕ ಮನೆಗಳಲ್ಲಿ ಬೆಕ್ಕಿಗೆ ವಾಡಿಕೆಯಾಗಿ ಹಾಕುವ ಹಾಲನ್ನ, ಮೊಸರನ್ನಗಳು ಮಧುಮೇಹಿ ಬೆಕ್ಕಿಗೆ ಹೊಂದುವುದಿಲ್ಲ. ಪಿಷ್ಟ ಕಡಿಮೆಯಿರುವ, ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರದಿಂದ ಸಕ್ಕರೆ ಹತೋಟಿಗೆ ಬರುವುದು ಸುಲಭ. ಆದರೆ ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ಆಹಾರವನ್ನು ಮನೆಯವರು ತಾವಾಗಿಯೇ ಏಕಾಏಕಿ ಬದಲಿಸಬಾರದು. ಅನ್ನ ನಿಂತ ಕೂಡಲೇ ಇನ್ಸುಲಿನ್ ಅಗತ್ಯವೂ ಇಳಿಯುತ್ತದೆ. ಪ್ರಮಾಣ ಹಿಂದಿನಷ್ಟೇ ಉಳಿದರೆ, ಒಳ್ಳೆಯದಕ್ಕೆಂದು ಮಾಡಿದ ಬದಲಾವಣೆಯೇ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು.

ಸಕ್ಕರೆ ಕುಸಿದಾಗ

ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ ಸುಮಾರು 60 ಮಿಲಿಗ್ರಾಂಗಿಂತ ಕೆಳಗಿಳಿಯುವ ಸ್ಥಿತಿಗೆ ಹೈಪೊಗ್ಲೈಸೀಮಿಯಾ ಎನ್ನುತ್ತಾರೆ. ಮಿದುಳು ಸಕ್ಕರೆಯನ್ನೇ ನೆಚ್ಚಿರುವುದರಿಂದ ಲಕ್ಷಣಗಳು ಮೊದಲು ನಡೆನುಡಿಯಲ್ಲಿ ತೋರುತ್ತವೆ: ನಿಶ್ಶಕ್ತಿ, ತೂರಾಡುವ ನಡಿಗೆ, ದಿಕ್ಕು ತಪ್ಪಿದಂಥ ನೋಟ, ನಡುಕ, ಆಮೇಲೆ ಸೆಳವು, ಕೊನೆಗೆ ಪ್ರಜ್ಞೆ ತಪ್ಪುವುದು. ಎಚ್ಚರವಿದ್ದು ನುಂಗಬಲ್ಲ ಬೆಕ್ಕಿಗೆ ತಕ್ಷಣ ಊಟ ಕೊಡಬೇಕು. ಉಣ್ಣಲಾರದ ಬೆಕ್ಕಿನ ಒಸಡಿಗೆ ಜೇನುತುಪ್ಪವನ್ನೋ ಗ್ಲೂಕೋಸ್ ಪುಡಿ ಕದಡಿದ ಗಟ್ಟಿ ದ್ರಾವಣವನ್ನೋ ಸವರಬೇಕು. ಸೆಳವಿನಲ್ಲಿರುವಾಗ ಬಾಯೊಳಗೆ ಬೆರಳು ಹಾಕುವುದಾಗಲಿ, ನೀರು ಹುಯ್ಯುವುದಾಗಲಿ ಸಲ್ಲದು. ದ್ರವ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ವಿಪತ್ತು ಎದುರಾಗುತ್ತದೆ. ಬೆಕ್ಕು ಚೇತರಿಸಿಕೊಂಡಂತೆ ಕಂಡರೂ ಚರ್ಮದಡಿಯ ಇನ್ಸುಲಿನ್ ಇನ್ನೂ ಹಲವು ಗಂಟೆ ಕೆಲಸ ಮಾಡುತ್ತಿರುತ್ತದೆಯಾದ್ದರಿಂದ ಪಶುವೈದ್ಯರ ಬಳಿಗೆ ಒಯ್ಯುವುದನ್ನು ತಪ್ಪಿಸಬಾರದು.

ಈ ಕುಸಿತಕ್ಕೆ ಕಾರಣಗಳು ಹಲವು, ಮತ್ತು ಅವುಗಳಲ್ಲಿ ಕೆಲವನ್ನು ಮನೆಯಲ್ಲೇ ತಡೆಯಬಹುದು. ಒಬ್ಬರು ಕೊಟ್ಟ ಚುಚ್ಚುಮದ್ದನ್ನು ತಿಳಿಯದೆ ಇನ್ನೊಬ್ಬರು ಮತ್ತೆ ಕೊಡುವುದು ಕೂಡುಕುಟುಂಬದಲ್ಲಿ ಸುಲಭವಾಗಿ ಆಗಬಹುದಾದ ಪ್ರಮಾದ. ಸೂಜಿ ಸರಿಯಾಗಿ ನಾಟಿತೋ, ಮದ್ದು ತುಪ್ಪಳದ ಮೇಲೆಯೇ ಚೆಲ್ಲಿತೋ ಎಂಬ ಸಂದೇಹ ಬಂದಾಗ ಎರಡನೆಯ ಸಲ ಚುಚ್ಚದೆ ಮುಂದಿನ ಹೊತ್ತಿಗಾಗಿ ಕಾಯುವುದೇ ಕ್ಷೇಮ, ಏಕೆಂದರೆ ಒಂದು ಹೊತ್ತಿನ ಇನ್ಸುಲಿನ್ ತಪ್ಪುವುದಕ್ಕಿಂತ ಎರಡು ಪಾಲು ದೇಹ ಸೇರುವುದು ಹೆಚ್ಚು ಅಪಾಯಕರ. ಸಿರಿಂಜಿನ ಆಯ್ಕೆಯೂ ಅಷ್ಟೇ ಮುಖ್ಯ. ಭಾರತದ ಔಷಧ ಅಂಗಡಿಗಳಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಮತ್ತು 100 ಯೂನಿಟ್ ಇರುವ ಇನ್ಸುಲಿನ್ ಎರಡೂ ಸಿಗುತ್ತವೆ. ಮೊದಲನೆಯದರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, ಎರಡನೆಯದರದಕ್ಕೆ ಕಿತ್ತಳೆ ಮುಚ್ಚಳ. ಬೆಕ್ಕುಗಳಿಗೆ ಹೆಚ್ಚಾಗಿ ಬಳಸುವ ಗ್ಲಾರ್ಜೀನ್ 100 ಯೂನಿಟ್‌ನದು. ಅದನ್ನು 40ರ ಸಿರಿಂಜಿನಲ್ಲಿ ಅಳೆದರೆ ಬೆಕ್ಕಿಗೆ ಎರಡೂವರೆ ಪಟ್ಟು ಮದ್ದು ಹೋಗುತ್ತದೆ. ಒಂದೆರಡು ಯೂನಿಟ್ ಮಾತ್ರ ಪಡೆಯುವ ನಾಲ್ಕೈದು ಕಿಲೋ ತೂಕದ ಪ್ರಾಣಿಗೆ ಈ ವ್ಯತ್ಯಾಸ ಪ್ರಾಣಾಂತಿಕವಾಗಬಲ್ಲದು.

ಇನ್ನೊಂದು ಕಾರಣ ಕೇಳಲು ಶುಭಸುದ್ದಿಯೇ. ಸೂಕ್ತ ಆಹಾರ ಮತ್ತು ಇನ್ಸುಲಿನ್ ಬೇಗನೆ ಆರಂಭವಾದರೆ ಕೆಲವು ಬೆಕ್ಕುಗಳ ಬೀಟಾ ಕೋಶಗಳು ಮತ್ತೆ ಚೇತರಿಸಿಕೊಂಡು ಹೊರಗಿನ ಇನ್ಸುಲಿನ್ ಬೇಡವಾಗುವ ಸ್ಥಿತಿಗೆ ಬರುತ್ತವೆ. ಈ ಚೇತರಿಕೆ ಮೊದಲ ಕೆಲವು ತಿಂಗಳಲ್ಲಿ ಸದ್ದಿಲ್ಲದೆ ಆಗಬಹುದು, ಆಗ ನಿನ್ನೆಯವರೆಗೆ ಸರಿಯಾಗಿದ್ದ ಪ್ರಮಾಣ ಇಂದು ಅತಿಯಾಗುತ್ತದೆ. ಆದ್ದರಿಂದ ಬೆಕ್ಕು ಗೆಲುವಾಗಿ ಕಾಣುತ್ತಿರುವಾಗಲೂ ಸಕ್ಕರೆಯ ತಪಾಸಣೆಯನ್ನು ಸಡಿಲಿಸಬಾರದು.

ಇನ್ಸುಲಿನ್ ಸಾಲದಾದಾಗ

ಇದಕ್ಕೆ ವಿರುದ್ಧ ದಿಕ್ಕಿನ ವಿಪತ್ತು ಕೀಟೋಅಸಿಡೋಸಿಸ್. ಇನ್ಸುಲಿನ್ ಸಾಲದೆ ಜೀವಕೋಶಗಳಿಗೆ ಸಕ್ಕರೆ ದಕ್ಕದಿದ್ದಾಗ ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ. ಆಗ ಹುಟ್ಟುವ ಕೀಟೋನ್ ಎಂಬ ಆಮ್ಲೀಯ ಪದಾರ್ಥಗಳು ಮಿತಿಮೀರಿ ಸೇರಿ ರಕ್ತವನ್ನೇ ಆಮ್ಲೀಯಗೊಳಿಸುತ್ತವೆ. ಊಟ ಬಿಡುವುದು, ವಾಂತಿ, ಮೂಲೆ ಸೇರಿ ಮುದುರಿಕೊಳ್ಳುವುದು, ಚರ್ಮ ಎಳೆದು ಬಿಟ್ಟರೆ ತಡವಾಗಿ ಹಿಂದಿರುಗುವಷ್ಟು ನಿರ್ಜಲೀಕರಣ, ಉಸಿರಿನಲ್ಲಿ ಉಗುರುಬಣ್ಣ ತೆಗೆಯುವ ದ್ರಾವಣದಂಥ ವಾಸನೆ ಇದರ ಲಕ್ಷಣಗಳು. ಮೂತ್ರದಲ್ಲಿ ಕೀಟೋನ್ ಇದೆಯೇ ಎಂದು ತೋರಿಸುವ ಪಟ್ಟಿಗಳು ಔಷಧ ಅಂಗಡಿಗಳಲ್ಲಿ ಸಿಗುತ್ತವೆ. ಕೀಟೋನ್ ಕಂಡುಬಂದು ಬೆಕ್ಕು ಮಂಕಾಗಿದ್ದರೆ ಮನೆಮದ್ದಿಗೆ ಅವಕಾಶವೇ ಇಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ದ್ರವ ಕೊಟ್ಟು, ಇನ್ಸುಲಿನ್ ನೀಡುತ್ತ, ಚಿಕಿತ್ಸೆಯ ನಡುವೆಯೇ ಇಳಿಯುವ ಪೊಟ್ಯಾಸಿಯಂ ಮತ್ತು ರಂಜಕದ ಮಟ್ಟವನ್ನು ಮೇಲೆತ್ತಬೇಕಾಗುತ್ತದೆ.

ಊಟ ಬಿಟ್ಟ ಬೆಕ್ಕಿನ ವಿಷಯದಲ್ಲಿ ಸಾಕಿದವರು ಎದುರಿಸುವ ಇಕ್ಕಟ್ಟು ಇಲ್ಲಿದೆ. ಉಣ್ಣದ ಬೆಕ್ಕಿಗೆ ಪೂರ್ಣ ಪ್ರಮಾಣದ ಇನ್ಸುಲಿನ್ ಕೊಟ್ಟರೆ ಸಕ್ಕರೆ ಕುಸಿಯಬಹುದು. ಉಣ್ಣುತ್ತಿಲ್ಲವೆಂದು ದಿನಗಟ್ಟಲೆ ಇನ್ಸುಲಿನ್ ನಿಲ್ಲಿಸಿದರೆ ಕೀಟೋನ್‌ಗಳು ಏರುತ್ತವೆ. ಎಷ್ಟು ಉಂಡರೆ ಎಷ್ಟು ಮದ್ದು, ಸಕ್ಕರೆ ಯಾವ ಮಟ್ಟದಲ್ಲಿದ್ದರೆ ಪೂರ್ತಿ ಬಿಡಬೇಕು, ಎಷ್ಟು ಗಂಟೆಯೊಳಗೆ ಆಸ್ಪತ್ರೆಗೆ ಕರೆತರಬೇಕು ಎಂಬುದು ಬೆಕ್ಕಿನಿಂದ ಬೆಕ್ಕಿಗೆ ಬದಲಾಗುವುದರಿಂದ, ಬೆಕ್ಕು ಆರೋಗ್ಯವಾಗಿರುವಾಗಲೇ ಪಶುವೈದ್ಯರಿಂದ ಈ ಸೂಚನೆಗಳನ್ನು ಬರೆಸಿಕೊಂಡಿರಬೇಕು.

ಈಚಿನ ವರ್ಷಗಳಲ್ಲಿ ಬಂದಿರುವ ಬಾಯಿಮೂಲಕದ ಔಷಧಗಳು ಈ ಎಚ್ಚರಕ್ಕೆ ಹೊಸ ಆಯಾಮ ಕೊಟ್ಟಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೂ 2023ರಲ್ಲಿ ವೆಲಾಗ್ಲಿಫ್ಲೋಜಿನ್ ದ್ರಾವಣಕ್ಕೂ ಬೆಕ್ಕುಗಳ ಬಳಕೆಗಾಗಿ ಅನುಮತಿ ನೀಡಿತು. ಹೆಚ್ಚಿನ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಈ ಔಷಧಗಳು ಹಿಂದೆ ಇನ್ಸುಲಿನ್ ಪಡೆಯದ, ಇತರ ದೃಷ್ಟಿಯಿಂದ ಆರೋಗ್ಯವಾಗಿರುವ ಬೆಕ್ಕುಗಳಿಗಾಗಿ ಇರುವಂಥವು. ಇವನ್ನು ಪಡೆಯುವ ಬೆಕ್ಕಿನಲ್ಲಿ ರಕ್ತದ ಸಕ್ಕರೆ ಸಹಜವೆಂದು ತೋರುತ್ತಿರುವಾಗಲೂ ಕೀಟೋಅಸಿಡೋಸಿಸ್ ಉಂಟಾಗಬಹುದು. ಆದ್ದರಿಂದ ಬೆಕ್ಕು ಊಟ ಬಿಟ್ಟರೆ ಗ್ಲೂಕೋಮೀಟರಿನ ಅಂಕಿಯೊಂದನ್ನೇ ನಂಬಿ ನಿರಾಳವಾಗುವಂತಿಲ್ಲ.

ಹಿನ್ನೆಲೆಯಲ್ಲಿ ಅಡಗಿರುವ ರೋಗಗಳು

ಹತೋಟಿಯಲ್ಲಿದ್ದ ಸಕ್ಕರೆ ಕಾರಣವಿಲ್ಲದೆ ಏರತೊಡಗಿದರೆ ಮೊದಲು ಇನ್ಸುಲಿನ್ ಕೆಟ್ಟಿದೆಯೇ ಎಂದು ನೋಡಬೇಕು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಫ್ರಿಜ್‌ನ ಹೊರಗೆ ಬಿಸಿಯಲ್ಲಿ ಉಳಿದ ಸೀಸೆ ಬೇಗನೆ ಸತ್ವ ಕಳೆದುಕೊಳ್ಳುತ್ತದೆ. ಮದ್ದು ಸರಿಯಿದ್ದರೆ ದೇಹದೊಳಗೆ ಬೇರೊಂದು ರೋಗ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಮಾಡುತ್ತಿದೆ ಎಂದು ಶಂಕಿಸಬೇಕಾಗುತ್ತದೆ. ಒಸಡಿನ ಸೋಂಕು, ಸಕ್ಕರೆ ಬೆರೆತ ಮೂತ್ರದಲ್ಲಿ ಸುಲಭವಾಗಿ ಬೆಳೆಯುವ ಬ್ಯಾಕ್ಟೀರಿಯಾಗಳಿಂದಾಗುವ ಮೂತ್ರನಾಳದ ಸೋಂಕು, ಮೇದೋಜೀರಕ ಗ್ರಂಥಿಯ ಉರಿಯೂತ ಇವು ಸಾಮಾನ್ಯ ಕಾರಣಗಳು. ಈ ಉರಿಯೂತದಲ್ಲಿ ಮನುಷ್ಯರಂತೆ ತೀವ್ರ ಹೊಟ್ಟೆನೋವನ್ನು ಬೆಕ್ಕು ತೋರಿಸಿಕೊಳ್ಳದಿರಬಹುದು, ವಾಂತಿಯೂ ಆಗದಿರಬಹುದು. ಮಂಕುತನ ಮತ್ತು ಊಟದಲ್ಲಿ ನಿರಾಸಕ್ತಿ ಇಷ್ಟೇ ಕಂಡುಬರುವುದರಿಂದ ರೋಗನಿರ್ಣಯ ತಡವಾಗುತ್ತದೆ.

ಇನ್ಸುಲಿನ್ ಪ್ರಮಾಣ ಏರಿಸುತ್ತ ಹೋದರೂ ಸಕ್ಕರೆ ಬಗ್ಗದೆ, ಮಧುಮೇಹ ಹತೋಟಿಯಲ್ಲಿಲ್ಲದಿದ್ದರೂ ಬೆಕ್ಕಿನ ತೂಕ ಹೆಚ್ಚುತ್ತಿದ್ದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯತ್ತ ಗಮನ ಹರಿಸಬೇಕು. ಅಲ್ಲಿನ ಸಣ್ಣ ಗಡ್ಡೆಯೊಂದು ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸ್ರವಿಸಿ ಇನ್ಸುಲಿನ್‌ಗೆ ಪ್ರತಿರೋಧ ಒಡ್ಡುವ ಈ ಸ್ಥಿತಿಗೆ ಆಕ್ರೊಮೆಗಲಿ ಎಂದು ಹೆಸರು. ಬ್ರಿಟನ್ನಿನ ಸಂಶೋಧಕರು 1,221 ಮಧುಮೇಹಿ ಬೆಕ್ಕುಗಳ ರಕ್ತವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಕಾಲುಭಾಗದಷ್ಟು ಬೆಕ್ಕುಗಳಲ್ಲಿ ಈ ಸ್ಥಿತಿಯ ಸೂಚನೆ ದೊರೆತದ್ದರಿಂದ, ಅಪರೂಪವೆಂದು ತಿಳಿದಿದ್ದ ರೋಗ ವಾಸ್ತವದಲ್ಲಿ ಗುರುತಿಸದೇ ಉಳಿದಿತ್ತು ಎಂಬುದು ಸ್ಪಷ್ಟವಾಯಿತು.

ಉಪವಾಸವೇ ಇನ್ನೊಂದು ರೋಗವನ್ನು ಹುಟ್ಟಿಸುವುದು ಬೆಕ್ಕಿನ ವಿಶೇಷ ದೌರ್ಬಲ್ಯ. ದಪ್ಪಗಿರುವ ಬೆಕ್ಕು ಕೆಲವು ದಿನ ಉಣ್ಣದಿದ್ದರೆ ದೇಹದ ಕೊಬ್ಬು ಯಕೃತ್ತಿಗೆ ಹರಿದು ಅಲ್ಲಿಯೇ ತುಂಬಿಕೊಂಡು ಕಾಮಾಲೆ ಬರುತ್ತದೆ. ಕಿವಿಯ ಒಳಭಾಗ, ಒಸಡು, ಕಣ್ಣಿನ ಬಿಳಿ ಹಳದಿಯಾಗುವ ವೇಳೆಗೆ ರೋಗ ಬಹಳ ಮುಂದುವರಿದಿರುತ್ತದೆ. ಆಗ ಅನ್ನನಾಳಕ್ಕೆ ಕೊಳವೆ ಅಳವಡಿಸಿ ವಾರಗಟ್ಟಲೆ ಆಹಾರ ಕೊಡಬೇಕಾಗಬಹುದು, ಮತ್ತು ಹಾಗೆ ಪಟ್ಟುಹಿಡಿದು ಉಣಿಸಿದಾಗ ಅನೇಕ ಬೆಕ್ಕುಗಳು ಬದುಕುಳಿಯುತ್ತವೆ.

ಹಿಂಗಾಲುಗಳ ಪಾದವನ್ನು ಹಿಮ್ಮಡಿಯವರೆಗೂ ನೆಲಕ್ಕೆ ಊರಿ ನಡೆಯುವುದು ಮನೆಯವರನ್ನು ಬೆಚ್ಚಿಬೀಳಿಸುವ ಮತ್ತೊಂದು ಬದಲಾವಣೆ. ಬಹುಕಾಲ ಏರಿದ ಸಕ್ಕರೆಯಿಂದ ನರಗಳಿಗಾದ ಹಾನಿಯ ಗುರುತು ಅದು. ಸಕ್ಕರೆ ಹತೋಟಿಗೆ ಬಂದಂತೆ ತಿಂಗಳುಗಳಲ್ಲಿ ಸುಧಾರಿಸುವ ಸಾಧ್ಯತೆ ಇದೆ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು ಒಂದು ಹನಿಯೂ ಬಾರದೆ ಒದ್ದಾಡುತ್ತಿದ್ದರೆ ಮಾತ್ರ ಕಾಯುವಂತಿಲ್ಲ. ಮೂತ್ರಮಾರ್ಗ ಕಟ್ಟಿಕೊಂಡ ಬೆಕ್ಕು ಒಂದೆರಡು ದಿನಗಳಲ್ಲೇ ಸಾಯಬಹುದು.

ಮನೆಯ ಸಿದ್ಧತೆ

ಮನೆಯ ಔಷಧದ ಡಬ್ಬಿಯಿಂದ ಬೆಕ್ಕಿಗೆ ಮಾತ್ರೆ ಕೊಡಬಾರದೆಂಬುದು ಮೊದಲ ನಿಯಮ. ಪ್ಯಾರಾಸಿಟಮಾಲ್ ಅನ್ನು ಒಡೆದು ನಿರಪಾಯಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲದಿರುವುದರಿಂದ ಒಂದು ಮಾತ್ರೆಯೂ ಅದನ್ನು ಕೊಲ್ಲಬಲ್ಲದು. ಹಿರಿಯರ ಸಕ್ಕರೆ ಮಾತ್ರೆಯನ್ನು ಬೆಕ್ಕಿಗೆ ಹಂಚುವುದೂ ಅಷ್ಟೇ ತಪ್ಪು.

ಎರಡನೆಯದು ದಾಖಲೆ. ಉಂಡ ಪ್ರಮಾಣ, ಕುಡಿದ ನೀರು, ಮೂತ್ರ, ಕೊಟ್ಟ ಇನ್ಸುಲಿನ್, ಕೊಟ್ಟವರ ಹೆಸರು, ವಾರಕ್ಕೊಮ್ಮೆ ತೂಕ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಮನೆಯಲ್ಲಿ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತದೆ. ಕಿವಿಯ ಅಂಚಿನ ರಕ್ತನಾಳದಿಂದ ಒಂದು ಹನಿ ತೆಗೆದು ಗ್ಲೂಕೋಮೀಟರಿನಲ್ಲಿ ನೋಡುವುದನ್ನು ಹೆಚ್ಚಿನವರು ಕಲಿಯಬಹುದು. ಮನುಷ್ಯರ ಮೀಟರು ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ ಎಂಬುದು ನೆನಪಿನಲ್ಲಿರಬೇಕು. ಆಸ್ಪತ್ರೆಯ ಭಯಕ್ಕೇ ಬೆಕ್ಕಿನ ಸಕ್ಕರೆ ಏರುವುದುಂಟು. ಆದ್ದರಿಂದ ಮನೆಯ ಅಳತೆಗಳು ಮತ್ತು ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಸೂಚಿಸುವ ಫ್ರಕ್ಟೊಸಮೈನ್ ಪರೀಕ್ಷೆ ವೈದ್ಯರಿಗೆ ಹೆಚ್ಚು ನಂಬಲರ್ಹ ಚಿತ್ರ ಕೊಡುತ್ತವೆ.

ಮೂರನೆಯದು ದಾರಿ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಬೆಂಗಳೂರಿನ ಹೊರಗಿನವರಿಗೆ ಬೆಕ್ಕುಗಳನ್ನು ನೋಡುವ ಹತ್ತಿರದ ಪಶುವೈದ್ಯರು ಯಾರು, ಅಲ್ಲಿಗೆ ಒಯ್ಯಲು ಬುಟ್ಟಿ ಮತ್ತು ವಾಹನ ಎಲ್ಲಿಂದ ಎಂಬುದು ಮೊದಲೇ ನಿರ್ಧಾರವಾಗಿರಬೇಕು. ಜೇನುತುಪ್ಪ, ಕೀಟೋನ್ ಪಟ್ಟಿ, ಸರಿಯಾದ ಸಿರಿಂಜು, ವೈದ್ಯರ ಬರಹ ಒಂದೇ ಕಡೆ ಇದ್ದರೆ ಮನೆಯ ಯಾರು ಬೇಕಾದರೂ ಮೊದಲ ಹೆಜ್ಜೆ ಇಡಬಹುದು.

ಮಧುಮೇಹ ತಗಲಿದ ಬೆಕ್ಕು ಸರಿಯಾದ ಆರೈಕೆಯಲ್ಲಿ ವರ್ಷಗಳ ಕಾಲ ನೆಮ್ಮದಿಯಿಂದ ಬದುಕಬಲ್ಲದು, ಮತ್ತು ನಡುವೆ ಬರುವ ಕಾಯಿಲೆಗಳಲ್ಲಿ ಬಹಳಷ್ಟು ಬೇಗ ಗುರುತಿಸಿದರೆ ಗುಣವಾಗುವಂಥವು. ನೋವನ್ನು ಮರೆಮಾಚುವ ಸ್ವಭಾವದ ಈ ಪ್ರಾಣಿ ತಾನಾಗಿ ದೂರು ಹೇಳುವುದಿಲ್ಲವಾದ್ದರಿಂದ, ಅದು ಇಂದು ಎಷ್ಟು ಉಂಡಿತು ಎಂದು ಪ್ರತಿದಿನ ಗಮನಿಸುವ ಜವಾಬ್ದಾರಿ ಸಾಕಿದವರದು. ಆ ಗಮನಕ್ಕಿಂತ ಮೊದಲೇ ಎಚ್ಚರಿಸುವ ಪರೀಕ್ಷೆಯನ್ನು ಯಾವ ಆಸ್ಪತ್ರೆಯೂ ಕೊಡಲಾರದು.