ದ್ವಾರವೇಕೆ ಕೂಗಿತು?

ಒಂದು ವಿಮಾನ ನಿಲ್ದಾಣದ ತಪಾಸಣಾ ದ್ವಾರವನ್ನು ನಾವು ನಿರಾತಂಕವಾಗಿ ದಾಟುತ್ತೇವೆ. ಅದೇ ಸೊಂಟಪಟ್ಟಿ, ಅದೇ ಪಾದರಕ್ಷೆಗಳೊಡನೆ ಮತ್ತೊಂದು ನಿಲ್ದಾಣಕ್ಕೆ ಹೋದರೆ ದ್ವಾರ ಕೂಗಿಕೊಳ್ಳುತ್ತದೆ. ಕೃತಕ ಮಂಡಿಕೀಲನ್ನು ಹಾಕಿಸಿಕೊಂಡ ವೃದ್ಧರಿಗಂತೂ ಇದು ಬಹಳ ಸಂಕೋಚದ ಗಳಿಗೆ. ಯಂತ್ರಕ್ಕೆ ಈ ಪಕ್ಷಪಾತವೇಕೆ?

ದ್ವಾರದ ಪಕ್ಕಗಳಲ್ಲಿ ತಂತಿಯ ಸುರುಳಿಗಳು ಅಡಗಿವೆ. ಅವುಗಳಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ವಿದ್ಯುತ್ತು ಹರಿದು, ನಡುವೆ ಅಯಸ್ಕಾಂತ ಕ್ಷೇತ್ರವೊಂದು ಏರಿಳಿಯುತ್ತಿರುತ್ತದೆ. ಲೋಹದ ವಸ್ತು ಅಲ್ಲಿಗೆ ಬಂದೊಡನೆ ಅದರೊಳಗೆ ಸುಳಿಯಾಕಾರದ ವಿದ್ಯುತ್ಪ್ರವಾಹಗಳು ಹುಟ್ಟುತ್ತವೆ. ಇವು ಉಂಟುಮಾಡುವ ಕಿರಿಯ ಕ್ಷೇತ್ರವನ್ನು ದ್ವಾರವು ಗ್ರಹಿಸುತ್ತದೆ. ಆ ಸಂಕೇತ ಗೊತ್ತುಪಡಿಸಿದ ಮಿತಿಯನ್ನು ಮೀರಿದರೆ ಕೂಗು ಹೊರಡುತ್ತದೆ.

ಭೇದದ ಗುಟ್ಟು ಈ ಮಿತಿಯಲ್ಲಿದೆ. ಅದನ್ನು ನಿಶ್ಚಯಿಸುವುದು ಯಂತ್ರವಲ್ಲ, ಮನುಷ್ಯರು. ಲೋಹದ ಜಾತಿ, ಗಾತ್ರ, ಅದು ತಿರುಗಿರುವ ದಿಕ್ಕು, ಇವುಗಳಿಂದಲೂ ಸಂಕೇತ ಹೆಚ್ಚುಕಡಿಮೆಯಾಗುತ್ತದೆ. ಸಾಲದುದಕ್ಕೆ ಕೆಲವು ದ್ವಾರಗಳು, ಲೋಹವಿಲ್ಲದಿದ್ದರೂ, ಚೀಟಿ ಎತ್ತಿದಂತೆ ನಡುನಡುವೆ ಒಬ್ಬರನ್ನು ಆರಿಸಿ ಕೂಗುತ್ತವೆ.

ಚೀಲದ ವಿಷಯದಲ್ಲಾದರೋ ಯಂತ್ರವೇ ಬೇರೆಯಾಗಿರಬಹುದು. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವಸ್ಫೋಟಕಗಳ ಸಂಚು ಬಯಲಾದ ಮೇಲೆ 100 ಮಿಲಿಲೀಟರಿನ ಕಟ್ಟಳೆ ಬಂದಿತು. ಚೀಲವನ್ನು ಹಲವು ಕೋನಗಳಿಂದ ಚಿತ್ರಿಸಿ ಘನರೂಪದಲ್ಲಿ ತೋರಿಸುವ ಹೊಸ ಕ್ಷ-ಕಿರಣ ಯಂತ್ರಗಳಿರುವ ಕೆಲವು ನಿಲ್ದಾಣಗಳಲ್ಲಿ ಅದು ಸಡಿಲವಾಗಿದೆ. ಬೇರೆಡೆ ಹಾಗೆಯೇ ಉಳಿದಿದೆ.

ಆದುದರಿಂದ ದ್ವಾರ ಕೂಗಿದೊಡನೆ ನಾವು ನಾಚಬೇಕಾಗಿಲ್ಲ. ಅದು ‘ಇಲ್ಲಿ ನೋಡಿ’ ಎನ್ನುತ್ತದೆಯೇ ಹೊರತು ‘ಇವನು ಅಪರಾಧಿ’ ಎನ್ನುವುದಿಲ್ಲ. ಮಂಡಿಕೀಲಿನ ಸಂಗತಿಯನ್ನು ದಾಟುವ ಮೊದಲೇ ತಿಳಿಸಿಬಿಟ್ಟರೆ ಸಂಕೋಚವೂ ಅರ್ಧ ಕಳೆಯುತ್ತದೆ.