ಹಲಗೆ ಗೋಡೆಯ ಹಿಂದಿನ ಸಂದು

ಹಳೆಯ ಮನೆಗಳನ್ನು ರಿಪೇರಿ ಮಾಡಿಸುತ್ತಿರುವ ಸದಸ್ಯರು ಈಚೆಗೆ ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ. ಉಪ್ಪರಿಗೆಯ ಪಡುವಣ ಗೋಡೆಗೆ ಹೊರಗಿನಿಂದ ಹಲಗೆ ಹೊಡೆದಿದೆ. ಹಲಗೆಗೂ ಒಳಮೈಗೂ ನಡುವೆ ಸಂದು ಇದೆ. ಅದಕ್ಕೆ ಥರ್ಮೊಕೋಲನ್ನೋ ಗ್ಲಾಸ್ ವೂಲನ್ನೋ ತುಂಬಿದರೆ ಚಳಿ ನಿಲ್ಲುತ್ತದೆಯೇ? ಗೋಡೆ ಒಣಗಿರುವಷ್ಟು ಕಾಲ ನಿಲ್ಲುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಅದು ಎಷ್ಟು ಕಾಲವೆಂಬುದು ಎಲ್ಲರಿಗೂ ಗೊತ್ತು. ಒಳ್ಳೆಯ ಮರದ ಹಲಗೆಯನ್ನು ಮತ್ತೊಮ್ಮೆ ಕೊಯ್ಯಿಸುವುದು ಇಂದು ಸುಲಭವಲ್ಲದ ಕಾರಣ, ಸಂದು ತುಂಬುವ ಮುನ್ನ ಸ್ವಲ್ಪ ವಿವೇಚಿಸುವುದು ಲೇಸು.

ಶಾಖವನ್ನು ತಡೆಯುವುದು ಗಾಜಿನ ನಾರಲ್ಲ; ನಾರಿನೊಳಗೆ ಸಿಕ್ಕಿಕೊಂಡು ಅಲುಗದೆ ನಿಂತ ಗಾಳಿ. ಉಷ್ಣವಾಹಕತೆಯ ಅಳತೆಯಲ್ಲಿ ನಿಂತ ಗಾಳಿಗೆ ಸುಮಾರು 0.025, ಗ್ಲಾಸ್ ವೂಲಿಗೆ 0.04, ನೀರಿಗೆ 0.6. ಅಂದರೆ ನಾರಿನ ಸಂದಿಗೆ ನೀರು ಹೊಕ್ಕಿತೆಂದರೆ ನಾವು ಗೋಡೆಗೆ ನೆಂದ ಕಂಬಳಿ ಹೊದಿಸಿದಂತೆಯೇ ಸರಿ.

ಹಲಗೆಯ ಹೊದಿಕೆ ಎಷ್ಟೇ ಬಿಗಿಯಾಗಿರಲಿ, ಗಾಳಿಮಳೆಯಲ್ಲಿ ಜೋಡಣೆಗಳ ಮೂಲಕ ನೀರು ಒಳಗೆ ಬಂದೇ ಬರುತ್ತದೆ. ಹಿಂದಿನ ಸಂದು ಇರುವುದು ಆ ನೀರು ಕೆಳಗಿಳಿದು ಹೋಗಲು, ಉಳಿದ ತೇವ ಗಾಳಿಗೆ ಆರಲು. ಕೆನಡಾದ ವ್ಯಾಂಕೂವರ್ ನಮ್ಮ ಹಾಗೆಯೇ ಮಳೆಯ ಊರು. ಅಲ್ಲಿ 1980 ಮತ್ತು 1990ರ ದಶಕಗಳಲ್ಲಿ ಇಂಥ ಸಂದು ಬಿಡದೆ ಕಟ್ಟಿದ ಮರದ ಚೌಕಟ್ಟಿನ ವಸತಿ ಕಟ್ಟಡಗಳು ಗೋಡೆಯೊಳಗೇ ಕೊಳೆತು, ಸಾವಿರಾರು ಸಂಸಾರಗಳು ರಿಪೇರಿಯ ಸಾಲಕ್ಕೆ ಸಿಕ್ಕಿಬಿದ್ದವು. 1998ರಲ್ಲಿ ಬ್ಯಾರೆಟ್ ಆಯೋಗ ವಿಚಾರಣೆ ನಡೆಸಿತು. ಹೊದಿಕೆಯ ಹಿಂದೆ ನೀರಿಳಿಯುವ ಸಂದು ಇರಬೇಕೆಂಬ ನಿಯಮ ಅಲ್ಲಿಗೆ ಬಂದದ್ದು ಈ ಪಾಠದಿಂದ. ನ್ಯೂಜಿಲೆಂಡಿನಲ್ಲಿಯೂ ಇದೇ ಕಥೆ. ಅಲ್ಲಿ ಬಿಡುವ ಸಂದು ಸುಮಾರು 20 ಮಿ.ಮೀ. ನಮ್ಮ ಹಿರಿಯರು ಮಣ್ಣಿನ ಗೋಡೆಗೆ ಅಡಿಕೆ ದಬ್ಬೆ ಕಟ್ಟಿ ಅದರ ಮೇಲೆ ಸೋಗೆಯ ತಟ್ಟಿ ಇಳಿಬಿಡುತ್ತಿದ್ದುದೂ ಇದೇ ತತ್ತ್ವ. ಅದಕ್ಕೆ ಯಾವ ಆಯೋಗವೂ ಬೇಕಾಗಿರಲಿಲ್ಲ!

ಇನ್ನು ಪ್ಲಾಸ್ಟಿಕ್ ಹಾಳೆಯ ವಿಚಾರ. ಹಿಮ ಬೀಳುವ ದೇಶಗಳಲ್ಲಿ ಗೋಡೆಯ ಒಳಮಗ್ಗುಲಿಗೆ ಪ್ಲಾಸ್ಟಿಕ್ ಹಾಳೆ ಹೊಡೆಯುವುದುಂಟು. ಅಲ್ಲಿ ಚಳಿಗಾಲದಲ್ಲಿ ಬೆಚ್ಚನೆಯ ಮನೆಯೊಳಗಿನ ಆವಿ ಹೊರಕ್ಕೆ ಸಾಗುತ್ತ, ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ; ಅದನ್ನು ತಡೆಯಲು ಈ ಉಪಾಯ. ನಮ್ಮಲ್ಲಿ ಆವಿಯ ದಾರಿಯೇ ಬೇರೆ. ಮಳೆಯಲ್ಲಿ ನೆಂದ ಹಲಗೆಗೆ ಬಿಸಿಲು ಬಿದ್ದಾಗ ತೇವ ಒಳಮುಖವಾಗಿಯೂ ನುಗ್ಗುತ್ತದೆ. ಒಳಗೆ ಪ್ಲಾಸ್ಟಿಕ್ ಇದ್ದರೆ ಅದು ಅಲ್ಲಿಯೇ ನಿಂತುಬಿಡುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು ತೇವಾಂಶ ಶೇಕಡ 10ಕ್ಕೆ ಇಳಿಯುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟುವವರು ನಮ್ಮಲ್ಲಿ ಯಾರೂ ಇರಲಾರರು. ಮರಕ್ಕೂ ಅಂಥದೇ ಒಂದು ಗಡಿಯುಂಟು. ತೇವಾಂಶ ಶೇಕಡ 20ರೊಳಗಿದ್ದರೆ ಕೊಳೆಸುವ ಬೂಷ್ಟು ಹಿಡಿಯುವುದಿಲ್ಲ. ಅದನ್ನು ಮೀರಿ ಬಹುಕಾಲ ನೆಂದೇ ಇದ್ದರೆ ಯಾವ ಬಣ್ಣವೂ ಕಾಪಾಡದು.

ನನ್ನ ಅಭಿಪ್ರಾಯದಲ್ಲಿ ನಮ್ಮ ಬಹುಪಾಲು ಮನೆಗಳಿಗೆ ಗೋಡೆ ತುಂಬಿಸುವ ಅಗತ್ಯವೇ ಇಲ್ಲ. ನಮ್ಮದು ತೇವದ ಚಳಿ. ಮೊದಲು ಹೆಂಚು, ದೋಣಿ, ಕಿಟಕಿಯ ಸಂದು ಸರಿಪಡಿಸಿ, ಮಾಡಿನ ಸೋರಿಕೆ ನಿಂತ ಮೇಲೆ ಅಟ್ಟದ ಹಲಗೆಯ ಮೇಲೆ ರಾಕ್ ವೂಲ್ ಹಾಸಿದರೆ, ಗೋಡೆಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಗುಣ ಕಾಣುತ್ತದೆ.

ಗೋಡೆಗೆ ಮಾಡಲೇಬೇಕೆಂದಿರುವವರು ಹಲಗೆಗಳನ್ನು ಬಿಚ್ಚಿಸಬೇಕು. ಹೊರಗಿನಿಂದ ತೂತು ಕೊರೆದು ತುಂಬುವ ಕೆಲಸ ಬೇಡ. ಬಿಚ್ಚಿದ ಹಲಗೆಗೆ ಸಂಖ್ಯೆ ಬರೆದಿಡಿ. ಕಂಬಗಳ ನಡುವೆ ರಾಕ್ ವೂಲ್, ಅದರ ಹೊರಮೈಗೆ ನೀರನ್ನು ತಡೆದು ಆವಿಯನ್ನು ಬಿಡುವ ಹಾಳೆ, ಅದರ ಮೇಲೆ ಮುಕ್ಕಾಲು ಅಂಗುಲದ ರೀಪುಗಳನ್ನು ನೆಟ್ಟಗೆ ಹೊಡೆದು, ಆಮೇಲೆ ಹಲಗೆ. ರೀಪು ಅಡ್ಡಕ್ಕೆ ಹೊಡೆದರೆ ನೀರು ಅದರ ಮೇಲೆಯೇ ಕೂರುತ್ತದೆ. ಈ ಒಂದು ಮಾತನ್ನು ಬಡಗಿಗೆ ಎದುರು ನಿಂತು ಹೇಳಬೇಕು. ಸಂದಿನ ಬುಡ ಮತ್ತು ತಲೆ ತೆರೆದಿರಲಿ, ಇಲಿ-ಹಾವು ಹೊಗದಂತೆ ಸಣ್ಣ ಕಣ್ಣಿನ ಜಾಲರಿ ಇರಲಿ. ಥರ್ಮೊಕೋಲ್ ಬೇಡವೆನ್ನಲು ಬೆಂಕಿಯ ಭಯವೊಂದೇ ಸಾಕು. ಇರುವೆ, ಗೆದ್ದಲು ಅದರಲ್ಲಿ ಕೊರೆದು ಗೂಡು ಮಾಡುವುದು ಬೇರೆ. ಗೋಡೆಯೊಳಗೆ ಹಳೆಯ ವಿದ್ಯುತ್ ತಂತಿಗಳಿದ್ದರೆ ಮೊದಲು ಬದಲಿಸಿ. ಬೆಚ್ಚನೆಯ ಹೊದಿಕೆಯೊಳಗೆ ತಂತಿಯ ಶಾಖಕ್ಕೂ ಹೊರದಾರಿ ಇರುವುದಿಲ್ಲ.

ಕೆಲಸಕ್ಕೆ ಫೆಬ್ರವರಿ, ಮಾರ್ಚ್ ತಿಂಗಳುಗಳೇ ತಕ್ಕವು. ಮರದ ತೇವ ಅಳೆಯುವ ಮುಳ್ಳಿನ ಮೀಟರ್ ಬೇರೆಯೇ ಇದೆ. ಕಾಫಿಯ ಮೀಟರನ್ನು ಹಲಗೆಗೆ ಹಿಡಿಯಬೇಡಿ. ಮೊದಲ ಮಳೆಗಾಲದಲ್ಲಿ ಜೋರು ಮಳೆ ಬಿದ್ದ ಮರುದಿನ ಬುಡದ ಜಾಲರಿಯನ್ನು ನೋಡಿ. ಅಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಗಾಬರಿಯಾಗಬೇಕಿಲ್ಲ, ಸಂದು ತನ್ನ ಕೆಲಸ ಮಾಡುತ್ತಿದೆ. ಒಳಮಗ್ಗುಲಿನಲ್ಲಿ ಕಲೆ ಕಂಡರೆ ಮಾತ್ರ ಆ ಭಾಗದ ಹಲಗೆಯನ್ನು ಮಳೆ ಬಿಟ್ಟ ಕೂಡಲೇ ಬಿಚ್ಚಿಸಿ ನೋಡತಕ್ಕದ್ದು.